ಅವ್ವನ ರೂಮಿಗೆ ಡಿಮ್ಮರ್ ದೀಪ ಹಾಕಿದ್ದು

ಹೋದ ಸಲ ಸೇವಂತಿಗೆ ಸಸಿ ನಾಟಿ ಬಗ್ಗೆ ಬರೆದಿದ್ದೆ, ಮುಂದಿನ ಭಾಗ ಯಾವಾಗ ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಬರೀತೀನಿ. ಇವತ್ತು ಮಾತ್ರ ಹೊಲದ ವಿಷಯ ಅಲ್ಲ, ಮನೆಯೊಳಗಿನ ದೀಪದ ವಿಷಯ. ರಾಮೋಹಳ್ಳಿ ಕಡೆಯ ಒಬ್ಬರು ಮೊನ್ನೆ ಮನೆಗೆ ಬಂದಾಗ ಅವ್ವನ ರೂಮಿನ ಗೋಡೆ ಮೇಲಿರೋ ಗುಂಡಿ ನೋಡಿ, "ಇದೇನಣ್ಣ, ಫ್ಯಾನೇ ಇಲ್ಲ, ರೆಗ್ಯುಲೇಟರ್ ಯಾಕೆ ಹಾಕ್ಸಿದೀಯ" ಅಂದ್ರು. ಅದು ದೀಪದ್ದು ಅಂದ್ರೆ ನಕ್ಕುಬಿಟ್ರು. ಆಮೇಲೆ ಕತೆ ಪೂರ್ತಿ ಹೇಳಿದ ಮೇಲೆ ನಗಲಿಲ್ಲ. ಅವರ ಮನೇಲೂ ವಯಸ್ಸಾದ ತಾಯಿ ಇದ್ದಾರೆ. ಅದಕ್ಕೇ ಬರೀತಾ ಇದೀನಿ.

ಕಾರ್ತಿಕದ ಒಂದು ರಾತ್ರಿ, ಹನ್ನೆರಡೂವರೆ ಇರಬೇಕು, ಏನೋ ಬಿದ್ದ ಸದ್ದಾಯ್ತು. ತೆಂಗಿನಕಾಯಿ ರಾಶಿ ಜಾರಿರಬೇಕು ಅಂದ್ಕೊಂಡು ಮಗ್ಗುಲು ಬದಲಾಯಿಸಿದೆ. ಆಮೇಲೆ ಅವ್ವನ ದನಿ ಕೇಳ್ತು. ಕೂಗಲ್ಲ, ಸಣ್ಣಗೆ ನರಳಾಟ. ಎದ್ದು ಹೋಗಿ ಲೈಟ್ ಹಾಕಿದ್ರೆ ಹೊಸಿಲ ಮೇಲೆ ಅಡ್ಡಡ್ಡ ಬಿದ್ದಿದ್ಲು, ಎಡಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ನಾನು ಎತ್ತೋದಕ್ಕಿಂತ ಮುಂಚೆ ಬೈದೆ. "ಲೈಟ್ ಹಾಕ್ಕೊಂಡು ಓಡಾಡು ಅಂತ ಎಷ್ಟು ಸಲ ಹೇಳೋದು" ಅಂತ. ಈಗ ನೆನೆಸ್ಕೊಂಡ್ರೆ ನಾಲಿಗೆ ಕಿತ್ಕೋಬೇಕು ಅನ್ಸುತ್ತೆ, ಆದ್ರೆ ಬೈದಿದ್ದು ನಿಜ.

ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ. ಡಾಕ್ಟ್ರು ಪಟ್ಟಿ ಕಟ್ಟುವಾಗ, "ಸೊಂಟದ ಮೂಳೆ ಆಗಿಲ್ವಲ್ಲ, ಪುಣ್ಯ ಮಾಡಿದೀರ" ಅಂದ್ರು. ಎಪ್ಪತ್ತೆಂಟು ವರ್ಷದವರಿಗೆ ಸೊಂಟ ಮುರಿದ್ರೆ ಏನಾಗುತ್ತೆ ಅಂತ ನಮ್ಮೂರಲ್ಲೇ ಎರಡು ಮನೆ ನೋಡಿದೀವಿ.

ಆಟೋದಲ್ಲಿ ವಾಪಸ್ ಬರ್ತಾ ಅವ್ವ ತಾನಾಗಿ ಹೇಳಿದ್ಲು. "ನೀನು ಎರಡು ಗಂಟೆಗೆದ್ದು ಮೋಟ್ರು ಹಾಕ್ಬೇಕು ಕಣಪ್ಪ. ನನ್ ಲೈಟು ನಿನ್ ಮೊಕದ್ ಮ್ಯಾಕೆ ಬೀಳ್ತದೆ. ಅದ್ಕೇ ಹಾಕ್ಲಿಲ್ಲ."

ನಮ್ಮ ಮನೆ ಹಳೇ ಮನೆ. ಅವ್ವನ ರೂಮಿಗೆ ಬಾಗಿಲಿಲ್ಲ, ಬರೀ ಚೌಕಟ್ಟು, ಎದುರಿಗೇ ನಡುಮನೆಯಲ್ಲಿ ನಾನು ಮಲಗೋದು. ಆ ವಾರ ನಮ್ಮ ಲೈನಿಗೆ ತ್ರೀ ಫೇಸ್ ರಾತ್ರಿ ಎರಡರಿಂದ ಕೊಡ್ತಿದ್ರು. ಅಂದ್ರೆ ಅವಳು ಎಷ್ಟು ತಿಂಗಳಿಂದ ಹಂಗೆ ಕತ್ತಲಲ್ಲಿ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ಲೋ, ನಾನು ಗೊರಕೆ ಹೊಡೀತಾ ಬಿದ್ದಿದ್ದೆ.

ಇನ್ನೊಂದು ಕಾರಣಾನೂ ಇತ್ತು, ಅದನ್ನ ಅವಳು ಸೊಸೆ ಹತ್ರ ಹೇಳಿದ್ದು. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಕತ್ತಲಲ್ಲಿ ಮಲಗಿದ್ದು ಎದ್ದು ಆ ಟ್ಯೂಬ್‌ಲೈಟು ಹಾಕಿದ್ರೆ ಕಣ್ಣಿಗೆ ಸೂಜಿ ಚುಚ್ಚಿದಂಗೆ ಆಗುತ್ತಂತೆ, ಒಂದೆರಡು ನಿಮಿಷ ಏನೂ ಕಾಣಲ್ಲವಂತೆ. "ಹಾಕಿದ್ರೂ ಕುರುಡು, ಹಾಕ್ದಿದ್ರೂ ಕುರುಡು" ಅಂದ್ಲಂತೆ. ಆಮೇಲೆ ಡಾಕ್ಟ್ರನ್ನ ಕೇಳಿದೆ. ವಯಸ್ಸಾದವರ ಕಣ್ಣಿಗೆ ನಮಗಿಂತ ಜಾಸ್ತಿ ಬೆಳಕೂ ಬೇಕು, ಹಂಗೇ ಅವರಿಗೆ ಕಣ್ಣು ಕುಕ್ಕೋದೂ ನಮಗಿಂತ ಜಾಸ್ತಿ, ಕತ್ತಲಿಂದ ಬೆಳಕಿಗೆ ಬೆಳಕಿಂದ ಕತ್ತಲಿಗೆ ಹೊಂದಿಕೊಳ್ಳೋಕೆ ಹೊತ್ತೂ ಹಿಡಿಯುತ್ತೆ ಅಂದ್ರು. ರಾತ್ರಿಯಿಡೀ ಸಣ್ಣ ದೀಪ ಇರಲಿ, ಕಣ್ಣಿಗೆ ಹೊಡೆಯದ ಹಾಗೆ, ಅಷ್ಟೇ ಅವರು ಹೇಳಿದ್ದು.

ಸಣ್ಣ ದೀಪ ಅಂದ್ರೆ ನಮಗೆ ಗೊತ್ತಿರೋದು ಜೀರೋ ಬಲ್ಬು. ತಂದು ಹಾಕಿದೆ. ಹಸಿರು ಬಣ್ಣದ್ದು, ರೂಮೆಲ್ಲ ಕೆರೆ ಪಾಚಿ ಥರ. ಅವ್ವನಿಗೆ ಹೊಸಿಲು ಎಲ್ಲಿ ಮುಗಿಯುತ್ತೆ ನೆಲ ಎಲ್ಲಿ ಶುರುವಾಗುತ್ತೆ ಅಂತಾನೇ ಕಾಣ್ತಿರಲಿಲ್ಲ. ಇಲ್ಲೊಂದು ಮಾತು ಹೇಳಿಬಿಡ್ತೀನಿ. ಜೀರೋ ಬಲ್ಬು ಅಂದ್ರೆ ಸೊನ್ನೆ ಕರೆಂಟು ಅಂತ ನಾವೆಲ್ಲ ನಂಬಿದ್ವಲ್ಲ, ಅದು ಸುಳ್ಳು. ಹಳೇ ತಂತಿ ಜೀರೋ ಬಲ್ಬು ಸುಮಾರು 12ರಿಂದ 15 ವ್ಯಾಟ್ ಎಳೆಯುತ್ತೆ. ಹಿಂದಿನ ಕಾಲದ ಚಕ್ರದ ಮೀಟರು ಅಷ್ಟು ಸಣ್ಣದಕ್ಕೆ ಸರಿಯಾಗಿ ತಿರುಗ್ತಿರಲಿಲ್ಲ, ಅದಕ್ಕೆ ಜೀರೋ ಅಂತ ಹೆಸರು ಬಂತು. ಈಗಿನ ಎಲೆಕ್ಟ್ರಾನಿಕ್ ಮೀಟರು ಬಿಡಲ್ಲ. 15 ವ್ಯಾಟ್ ದಿನಕ್ಕೆ ಎಂಟು ಗಂಟೆ ಉರಿದ್ರೆ ತಿಂಗಳಿಗೆ 3.6 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಪೂರ್ತಿ ಉರಿದ್ರೂ 2.2 ಯೂನಿಟ್ ಅಷ್ಟೇ.

ಅವ್ವ ಏನಂದ್ಲು ಗೊತ್ತಾ? "ನಮ್ ಲಾಟೀನೇ ವಾಸಿ ಆಗಿತ್ತು, ತಿರುಪು ಇಳಿಸಿ ಮಲಗ್ತಿದ್ವಿ." ಆ ಮಾತು ತಲೇಲಿ ಕೂತ್ಕೊಂಡು ಬಿಡ್ತು. ಹೌದಲ್ವಾ. ಲಾಟೀನಿಗೆ ಬತ್ತಿ ಏರಿಸಿ ಇಳಿಸೋ ತಿರುಪು ಇತ್ತು. ಓದೋಕೆ ಕೂತಾಗ ಏರಿಸು, ಮಲಗುವಾಗ ಇಳಿಸು. ಬೆಂಗಳೂರು ಪೇಟೆಗೆ ಶಿವನಸಮುದ್ರದ ಕರೆಂಟು ಬಂದಿದ್ದು 1905ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ 1902ರಲ್ಲೇ ಅದು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಪೇಟೆಯಿಂದ ಇಷ್ಟು ಹತ್ತಿರ ಇರೋ ನಮ್ಮೂರಿಗೆ ಬಂದಿದ್ದು ನಾನು ಮೂರನೇ ಕ್ಲಾಸಲ್ಲಿದ್ದಾಗ, ಅಂದ್ರೆ ಎಪ್ಪತ್ತು ವರ್ಷ ತಡ. ಅಲ್ಲಿತನಕ ಅವ್ವ ಲಾಟೀನಿನವಳೇ. ಕರೆಂಟು ಬಂದ ಮೇಲೂ ಒಂಥರಾ ತಿರುಪು ಇತ್ತು ಅನ್ನಿ. ಸಂಜೆ ಏಳಕ್ಕೆ ಊರೆಲ್ಲ ಒಟ್ಟಿಗೆ ಲೈಟ್ ಹಾಕಿದ್ರೆ ವೋಲ್ಟೇಜ್ ಬಿದ್ದು ಅರವತ್ತರ ಬಲ್ಬು ಕೆಂಡದ ಥರ ಆಗೋದು, ರಾತ್ರಿ ಹತ್ತಾದ ಮೇಲೆ ಎಲ್ಲರೂ ಮಲಗಿದಾಗ ನಿಂಬೆಹಣ್ಣಿನ ಬಣ್ಣಕ್ಕೆ ಬರೋದು.

ಎಲ್‌ಇಡಿ ಹಂಗಲ್ಲ. ಅದರ ಹೊಟ್ಟೆಯೊಳಗೆ ಡ್ರೈವರ್ ಅಂತ ಒಂದು ಸಣ್ಣ ಬೋರ್ಡ್ ಇರುತ್ತೆ. ಹೊರಗೆ 150 ವೋಲ್ಟ್ ಇರಲಿ 250 ಇರಲಿ, ಒಳಗಿನ ದೀಪಕ್ಕೆ ಒಂದೇ ಸಮ ಕರೆಂಟು ಕೊಡೋದೇ ಅದರ ಕೆಲಸ. ನಮ್ಮಂಥ ಹಳ್ಳಿಗೆ ಅದು ಒಳ್ಳೇದೇ. 2015ರಲ್ಲಿ ಉಜಾಲಾ ಅಂತ ದೇಶಕ್ಕೆಲ್ಲ ಎಲ್‌ಇಡಿ ಹಂಚೋ ಯೋಜನೆ ಶುರುವಾಯ್ತು, ನಮ್ಮಲ್ಲಿ ಹೊಸ ಬೆಳಕು ಅಂತ ಹೆಸರಿಟ್ಟು ಕಡಿಮೆ ಬೆಲೆಗೆ ಕೊಟ್ರು, ನೆನಪಿರಬೇಕು. ಆಗ ತಂದ ಬಲ್ಬಲ್ಲಿ ಒಂದು ಇವತ್ತಿಗೂ ನಮ್ಮ ದನದ ಕೊಟ್ಟಿಗೇಲಿ ಉರೀತಿದೆ, ಅದಕ್ಕೆ ನನ್ನ ನಮಸ್ಕಾರ. ಆದ್ರೆ ಅದಕ್ಕೆ ಗೊತ್ತಿರೋದು ಎರಡೇ, ಪೂರ್ತಿ ಉರಿ ಅಥವಾ ಆರು. ನಡುವೆ ಇಲ್ಲ.

ಅಲ್ಲಿಂದ ನನ್ನ ಹುಡುಕಾಟ ಶುರು. ಮೊದಲು ದಡ್ಡತನ ಮಾಡಿದೆ, ಅದನ್ನೂ ಬರೀತೀನಿ, ನೀವು ಮಾಡಬೇಡಿ. ಹತ್ತಿರದ ಅಂಗಡಿಗೆ ಹೋಗಿ "ಲೈಟ್ ಸಣ್ಣ ದೊಡ್ಡ ಮಾಡೋ ರೆಗ್ಯುಲೇಟರ್ ಕೊಡಿ" ಅಂದೆ. ಕೊಟ್ರು. ತಂದು ನಾನೇ ಫಿಟ್ ಮಾಡಿ, ಮನೇಲಿದ್ದ ಮಾಮೂಲಿ 9 ವ್ಯಾಟ್ ಎಲ್‌ಇಡಿ ಹಾಕಿದೆ. ಗುಂಡಿ ಅರ್ಧ ತಿರುಗೋವರೆಗೂ ಏನೂ ಬದಲಾಗಲಿಲ್ಲ. ಅರ್ಧ ದಾಟಿದ ಮೇಲೆ ಪಟಪಟ ಅಂತ ಮಿಣುಕೋಕೆ ಹತ್ತಿತು, ಮಾರಿಹಬ್ಬದ ಸೀರಿಯಲ್ ಸೆಟ್ ಥರ. ಜೊತೆಗೆ ಜೀಂಯ್ ಅಂತ ಸದ್ದು. ಅವ್ವ, "ಹುಳ ಕೂಗ್ದಂಗೆ ಕೂಗ್ತದಲ್ಲೋ" ಅಂದ್ಲು. ನಾಲ್ಕನೇ ದಿನ ಬಲ್ಬು ಸುಟ್ಟೇ ಹೋಯ್ತು.

ನಮ್ಮ ವೈರ್‌ಮನ್ ಹುಡುಗ ಐಟಿಐ ಮಾಡಿದವನು, ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಕಟ್ಟೋ ಕೆಲಸಾನೂ ಮಾಡಿ ಬಂದಿದ್ದಾನೆ. ಅವನನ್ನ ಕರೆಸಿದೆ. ಬಂದವನೇ ನಕ್ಕ. "ಅಣ್ಣ, ಒಬ್ಬ ನೀರು ಕಟ್ಟು ಅಂತಾನೆ, ಒಬ್ಬ ಬಿಡು ಅಂತಾನೆ, ನಡುವೆ ಬಲ್ಬು ಸತ್ತೋಯ್ತು" ಅಂದ. ಅವನು ಹೇಳಿದ್ದು ನನಗೆ ಅರ್ಥ ಆದಂಗೆ ಹೇಳ್ತೀನಿ.

ಕರೆಂಟು ಸೆಕೆಂಡಿಗೆ 50 ಸಲ ಅಲೆ ಥರ ಬರುತ್ತೆ. ಮೇಲಿನರ್ಧ ಕೆಳಗಿನರ್ಧ ಲೆಕ್ಕ ಹಿಡಿದ್ರೆ 100 ಅರ್ಧ ಅಲೆ. ಡಿಮ್ಮರ್ ಅನ್ನೋದು ಪ್ರತಿ ಅರ್ಧ ಅಲೆಯಲ್ಲೂ ಒಂದಿಷ್ಟು ಹೊತ್ತು ತೂಬು ಮುಚ್ಚಿ ಒಂದಿಷ್ಟು ಹೊತ್ತು ತೆಗೆಯುತ್ತೆ. ಹಳೇ ತಂತಿ ಬಲ್ಬಿಗೆ ಇದು ಸರಿಹೋಗೋದು, ಯಾಕಂದ್ರೆ ಕಾದ ತಂತಿ ಅಷ್ಟು ಬೇಗ ತಣ್ಣಗಾಗಲ್ಲ, ಒಟ್ಟು ಕಡಿಮೆ ಕಾವು, ಕಡಿಮೆ ಬೆಳಕು. ಎಲ್‌ಇಡಿ ಬಲ್ಬಿನ ಡ್ರೈವರ್‌ಗೆ ಮಾತ್ರ ಇದು ಅರ್ಥ ಆಗಲ್ಲ. ಏನೋ ವೋಲ್ಟೇಜ್ ಹಾಳಾಗಿದೆ ಅಂತ ತಿಳ್ಕೊಂಡು ಸರಿ ಮಾಡೋಕೆ ಒದ್ದಾಡುತ್ತೆ. ಡಿಮ್ಮರ್ ಕಡಿಮೆ ಮಾಡು ಅನ್ನುತ್ತೆ, ಡ್ರೈವರ್ ಪೂರ್ತಿ ಕೊಡ್ತೀನಿ ಅನ್ನುತ್ತೆ.

ಎರಡನೇದು ಭಾರದ ವಿಷಯ. ಹಳೇ ಡಿಮ್ಮರ್‌ಗಳು ನೂರಾರು ವ್ಯಾಟ್ ತಂತಿ ಬಲ್ಬುಗಳಿಗೆ ಅಂತ ಮಾಡಿದ್ದು. ಅವುಕ್ಕೆ ಕನಿಷ್ಠ ಇಷ್ಟು ಅಂತ ಭಾರ ಬೇಕು, ಇಲ್ಲಾಂದ್ರೆ ಒಳಗಿನ ಸ್ವಿಚ್ಚು ಹಿಡ್ಕೊಂಡು ನಿಲ್ಲಲ್ಲ. ವೋಲ್ಟೇಜ್ ಕಡಿಮೆ ಇದ್ದಾಗ ನಮ್ಮ ಮೋಟ್ರು ಸ್ಟಾರ್ಟರ್ ಕಾಂಟ್ಯಾಕ್ಟರ್ ಹಿಡಿಯದೆ ಕಟಕಟ ಅನ್ನುತ್ತಲ್ಲ, ಅದೇ ಕತೆ. ಒಂದು ಒಂಬತ್ತು ವ್ಯಾಟಿನ ಬಲ್ಬು ಅದಕ್ಕೆ ಭಾರವೇ ಅಲ್ಲ.

ಡಿಮ್ಮರ್‌ನಲ್ಲೂ ಎರಡು ಜಾತಿ. ಹಳೇದು ಅಲೆಯ ಮುಂಭಾಗ ಕತ್ತರಿಸುತ್ತೆ, ಅಂದ್ರೆ ಮೊದಲು ಮುಚ್ಚಿಟ್ಟು ನಡುವೆ ಧಡಕ್ಕನೆ ತೆಗೆಯೋದು. ಪೈಪ್‌ಲೈನಲ್ಲಿ ವಾಲ್ವ್ ಒಂದೇ ಸಲ ತೆಗೆದ್ರೆ ನೀರು ಗುದ್ದಿ ಪೈಪು ಅದುರುತ್ತಲ್ಲ, ಹಂಗೆ ಪ್ರತಿ ಸಲ ಬಲ್ಬಿಗೊಂದು ಗುದ್ದು. ಜೀಂಯ್ ಸದ್ದಿಗೂ ಅದೇ ಕಾರಣ. ಹೊಸ ಜಾತಿ ಶುರುವಿಂದ ಬಿಟ್ಟು ಕೊನೇಲಿ ಮುಚ್ಚುತ್ತೆ, ಮೆತ್ತಗೆ. ಇದಕ್ಕೆ ಟ್ರೇಲಿಂಗ್ ಎಡ್ಜ್ ಅಂತಾರೆ, ಕೆಲವರು ಸುಮ್ನೆ ಎಲ್‌ಇಡಿ ಡಿಮ್ಮರ್ ಅಂತಾರೆ. ನಮಗೆ ಬೇಕಾದ್ದು ಇದು. ಜೊತೆಗೆ ಬಲ್ಬೂ ಡಿಮ್ಮಬಲ್ ಅಂತಲೇ ಬರೆದಿರಬೇಕು. ಎರಡರಲ್ಲಿ ಒಂದು ಸರಿಯಿದ್ರೆ ಸಾಲದು, ಎತ್ತು ಎರಡೂ ಜೋಡಿ ಆಗ್ಬೇಕು. ನೀವು ಮನೇಲಿರೋ ಎಲ್‌ಇಡಿ ಡಬ್ಬಿ ತಿರುಗಿಸಿ ನೋಡಿ, ಡಿಮ್ಮರ್‌ಗೆ ಹಾಕಬೇಡಿ ಅಂತ ಇರುವೆ ಅಕ್ಷರದಲ್ಲಿ ಬರೆದಿರ್ತಾರೆ. ನಾನು ಓದಿರಲಿಲ್ಲ. ಔಷಧಿ ಡಬ್ಬಿ ಮೇಲಿನದ್ದು ಓದಿ ಅಂತ ಇದೇ ಪೇಜಲ್ಲಿ ನಿಮಗೆಲ್ಲ ಬುದ್ಧಿ ಹೇಳಿದವನು ನಾನು!

ಅವನು ಬಂದಿದ್ದಕ್ಕೆ ಇನ್ನೊಂದು ಉಪಕಾರ ಆಯ್ತು. ಅವ್ವನ ರೂಮಲ್ಲಿ ಎಲ್‌ಇಡಿ ಹಾಕಿದಾಗೆಲ್ಲ ಸ್ವಿಚ್ ಆಫ್ ಮಾಡಿದ್ರೂ ಬಲ್ಬು ಮಿಣಮಿಣ ಅಂತ ಇರೋದು. ಒಳ್ಳೇದೇ ಆಯ್ತು ಅಂತ ಸುಮ್ನಿದ್ದೆ. ಅವನು ಟೆಸ್ಟರ್ ಇಟ್ಟು ನೋಡಿ ಮುಖ ಗಂಟು ಹಾಕ್ಕೊಂಡ. ಯಾರೋ ಹಿಂದೆ ವೈರಿಂಗ್ ಮಾಡಿದವರು ಸ್ವಿಚ್ಚನ್ನ ಫೇಸ್‌ಗೆ ಕೊಡದೆ ನ್ಯೂಟ್ರಲ್‌ಗೆ ಕೊಟ್ಟಿದ್ರು. ಅಂದ್ರೆ ಸ್ವಿಚ್ ಆಫ್ ಇದ್ರೂ ಹೋಲ್ಡರ್‌ನಲ್ಲಿ ಕರೆಂಟು ಜೀವಂತ. ಇಷ್ಟು ವರ್ಷ ಸ್ಟೂಲ್ ಹಾಕ್ಕೊಂಡು ಆ ಬಲ್ಬು ಬದಲಾಯಿಸಿದ್ದು ನಾನು, ಒಂದೆರಡು ಸಲ ನನ್ನ ಮಗಳು. ಆಫ್ ಮಾಡಿದ ಮೇಲೂ ಮಿಣುಕೋದಕ್ಕೆ ಬೇರೆ ಕಾರಣಗಳೂ ಇರ್ತವೆ, ಸ್ವಿಚ್ಚಲ್ಲಿರೋ ಕೆಂಪು ಸೂಚಕ ದೀಪದಿಂದಲೂ ಆಗುತ್ತೆ. ಆದ್ರೂ ನಿಮ್ಮನೇಲಿ ಹಂಗಿದ್ರೆ ಒಂದ್ಸಲ ಟೆಸ್ಟರ್ ಇಡಿಸಿ ನೋಡಿ. ಅವತ್ತೇ ಅದನ್ನ ಸರಿ ಮಾಡಿಸಿದೆ.

ಆಮೇಲೆ ಪೇಟೆಗೆ ಹೊರಟೆ. ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂದ ಮೇಲೆ ನಮಗೆ ಪೇಟೆ ಹಿತ್ತಲಾಗಿದೆ. ಮೊದಲು ಬಸವೇಶ್ವರನಗರದಲ್ಲಿ ತಂಗಿ ಮನೆಗೆ ಹೋದೆ, ಅವಳ ಮಗ ಹೊಸದಾಗಿ ಮನೆ ಕಟ್ಟಿಸಿ ಎಲ್ಲಾ ಲೈಟೂ ಡಿಮ್ ಆಗೋದೇ ಹಾಕ್ಸಿದ್ದಾನೆ. ಹಾಲಿನ ಸೀಲಿಂಗ್ ಒಳಗೆಲ್ಲ ಬೆಳಕು ಬಚ್ಚಿಟ್ಟಿದ್ದಾರೆ, ದೀಪ ಎಲ್ಲಿದೆ ಅಂತ ಹುಡುಕಬೇಕು. ಚೆನ್ನಾಗೇ ಇದೆ ಅನ್ನಿ. ಫೋನಲ್ಲಿ ಬೆರಳು ಎಳೆದ, ಲೈಟು ಸಣ್ಣಗಾಯ್ತು. ಇನ್ನೊಂದ್ಸಲ ಎಳೆದ, ಹಳದಿ ಆಯ್ತು. "ಅಜ್ಜಿಗೂ ಇದೇ ಹಾಕ್ಸಿ ಮಾವ, ನಾನೇ ಬಂದು ಸೆಟ್ ಮಾಡಿಕೊಡ್ತೀನಿ" ಅಂದ.

ಒಳ್ಳೇ ಮನಸ್ಸಿಂದ ಹೇಳಿದ್ದು. ಆದ್ರೆ ನಾನು ಯೋಚನೆ ಮಾಡಿದೆ. ಅವ್ವನಿಗೆ ಫೋನಲ್ಲಿ ಹಸಿರು ಗುಂಡಿ ಒತ್ತಿ ಮಾತಾಡೋದು ಬಿಟ್ಟು ಬೇರೆ ಬರಲ್ಲ. ವೈಫೈ ಬಲ್ಬಿಗೆ ಗೋಡೆ ಸ್ವಿಚ್ಚು ಯಾವಾಗಲೂ ಆನ್ ಇರಬೇಕು. ನಮ್ಮಲ್ಲಿ ಯಾರೋ ಒಬ್ಬರು ಅಭ್ಯಾಸ ಬಲದಿಂದ ಆಫ್ ಮಾಡೇ ಮಾಡ್ತಾರೆ, ಅಲ್ಲಿಗೆ ಫೋನು ಏನೂ ಮಾಡೋಕಾಗಲ್ಲ. ಎಲ್ಲಕ್ಕಿಂತ ಮುಖ್ಯ, ಕರೆಂಟು ಹೋಗಿ ಬಂದ್ರೆ ಇಂಥ ಬಲ್ಬುಗಳಲ್ಲಿ ಕೆಲವು ಪೂರ್ತಿ ಬೆಳಕಲ್ಲಿ ಹತ್ಕೊಳ್ತವೆ, ಸೆಟ್ಟಿಂಗ್ ಬದಲಾಯಿಸದೇ ಇದ್ರೆ. ತಂಗಿ ಮನೇಲಿ ಅದು ವರ್ಷಕ್ಕೆ ನಾಲ್ಕು ಸಲ ಆಗಬಹುದು. ನಮ್ಮಲ್ಲಿ ರಾತ್ರಿಗೆ ನಾಲ್ಕು ಸಲ. ಇನ್ನು ಗೋಡೆಗೆ ಹಾಕೋ ಸ್ಮಾರ್ಟ್ ಡಿಮ್ಮರ್‌ಗಳಲ್ಲಿ ಬಹಳಷ್ಟಕ್ಕೆ ಸ್ವಿಚ್‌ಬೋರ್ಡಲ್ಲಿ ನ್ಯೂಟ್ರಲ್ ವೈರು ಬೇಕು, ನಮ್ಮ ಹಳೇ ಮನೆ ಬೋರ್ಡಲ್ಲಿ ಆ ವೈರೇ ಎಳೆದಿಲ್ಲ. ಬೇಡ ಕಣಪ್ಪ ಅಂದೆ. ಅವನಿಗೆ ಸ್ವಲ್ಪ ಬೇಜಾರಾಯ್ತು ಅನ್ಸುತ್ತೆ.

ಆದ್ರೆ ಅವನ ಮನೇಲಿ ಒಂದು ಕಲಿತೆ. ಬಣ್ಣದ ವಿಷಯ. ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತೆ. 6500 ಅಂದ್ರೆ ನಾವು ಎಲ್ಲರೂ ಹಾಕ್ಕೊಂಡಿರೋ ಹಾಲು ಬಿಳಿ, ನೀಲಿ ಹೊಡೆಯೋದು. 4000 ನಡುವಿಂದು. 3000, 2700 ಅಂದ್ರೆ ಹಳದಿ, ಹಳೇ ತಂತಿ ಬಲ್ಬಿನ ಬಣ್ಣ. ಹಳ್ಳಿ ಅಂಗಡೀಲಿ ಕೇಳಿದ್ರೆ ಬರೀ ಬಿಳಿ ಕೊಡ್ತಾರೆ, ಹಳದಿ ಅಂದ್ರೆ ಮಂಕು ಅನ್ನೋ ಭಾವನೆ ನಮಗೆ. ತಂತಿ ಬಲ್ಬಿಗೆ ಡಿಮ್ಮರ್ ಹಾಕಿದ್ರೆ ಸಣ್ಣಗಾಗ್ತಾ ಆಗ್ತಾ ತಾನೇ ಕೆಂಪಗಾಗೋದು. ಮಾಮೂಲಿ ಡಿಮ್ಮಬಲ್ ಎಲ್‌ಇಡಿ ಹಂಗಾಗಲ್ಲ, ಬಿಳಿ ಸಣ್ಣಗಾದ್ರೂ ಬಿಳೀನೇ, ಬೆಳದಿಂಗಳ ಥರ ತಣ್ಣಗೆ ಕಾಣುತ್ತೆ. ಅದಕ್ಕೆ ಮೊದಲೇ ಹಳದಿ ಆರಿಸಬೇಕು.

ರಾತ್ರಿ ಹೊತ್ತು ಬಣ್ಣ ಯಾಕೆ ಮುಖ್ಯ ಅಂದ್ರೆ, ಬಿಳಿ ಎಲ್‌ಇಡಿ ಅಂತ ಬೇರೆ ಇಲ್ಲ. ಒಳಗಿರೋದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಪುಡಿ ಲೇಪ ಮಾಡಿರ್ತಾರೆ, ಎರಡೂ ಸೇರಿ ಬಿಳಿ ಕಾಣುತ್ತೆ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಜಪಾನ್ ಮೂಲದ ಮೂವರಿಗೆ, ಅಕಸಾಕಿ, ಅಮಾನೊ, ನಕಾಮುರಾ ಅನ್ನೋರಿಗೆ, 2014ರಲ್ಲಿ ನೊಬೆಲ್ ಬಂತು. ನೀಲಿ ಜಾಸ್ತಿ ಇರೋ ಬೆಳಕು ರಾತ್ರಿ ಕಣ್ಣಿಗೆ ಬಿದ್ರೆ ಮೈಗೆ ಇನ್ನೂ ಹಗಲು ಅನ್ಸುತ್ತಂತೆ, ನಿದ್ದೆ ತರೋ ಮೆಲಟೋನಿನ್ ಅನ್ನೋದು ಕಡಿಮೆ ಆಗುತ್ತಂತೆ. ಬಚ್ಚಲಿಗೆ ಹೋಗಿ ಬಂದ ಮೇಲೆ ಅವ್ವ ಬೆಳಗಿನ ಜಾವದವರೆಗೂ ಹೊರಳಾಡ್ತಿದ್ದಳು, ಅದಕ್ಕೆ ಅವಳ ವಯಸ್ಸು ಕಾರಣ ಅಂತ ನಾನು ಅಂದ್ಕೊಂಡಿದ್ದೆ.

ಇದನ್ನ ನಂಬೋಕೆ ಸೇವಂತಿಗೆ ಬೆಳೆಯೋ ನಮಗೆ ನೊಬೆಲ್ ಬೇಕಾಗಿಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ರಾತ್ರಿ ಬಸ್ಸಲ್ಲಿ ಹೋದವರು ನೋಡಿರ್ತೀರಿ, ಹೊಲದ ತುಂಬಾ ಬಲ್ಬು ಕಟ್ಟಿರ್ತಾರೆ, ಜಾತ್ರೆ ಥರ. ಸೇವಂತಿಗೆ ಉದ್ದ ರಾತ್ರಿ ಸಿಕ್ಕಿದ್ರೆ ಮೊಗ್ಗು ಕಟ್ಟುತ್ತೆ. ಚಳಿಗಾಲದಲ್ಲಿ ಗಿಡ ಎತ್ತರ ಆಗೋ ಮುಂಚೆ ಮೊಗ್ಗು ಬರಬಾರದು ಅಂತ ನಡುರಾತ್ರಿ ಬೆಳಕು ಕೊಟ್ಟು ರಾತ್ರಿಯನ್ನ ತುಂಡು ಮಾಡ್ತಾರೆ. ಆ ಬೆಳಕೇನು ಹಗಲಿನಷ್ಟು ಇರಲ್ಲ, ಸಾಲಿಂದ ಸಾಲಿಗೆ ದೂರ ದೂರ ಕಟ್ಟಿದ ಬಲ್ಬು. ಆದ್ರೂ ಗಿಡ ಮೋಸ ಹೋಗುತ್ತೆ. ಗಿಡಕ್ಕೆ ಹೆಚ್ಚು ನಾಟೋದು ಕೆಂಪು ಬೆಳಕು, ಮನುಷ್ಯನಿಗೆ ನೀಲಿ, ಅಷ್ಟು ವ್ಯತ್ಯಾಸ. ಗಿಡಕ್ಕೇ ಅಷ್ಟು ಸೂಕ್ಷ್ಮ ಇದ್ರೆ ಎಪ್ಪತ್ತೆಂಟು ವರ್ಷದ ಮನುಷ್ಯರಿಗೆ ಇರಲ್ವಾ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಹೋದೆ. ಅಲ್ಲಿ ದೀಪದ ಅಂಗಡಿ ಸಾಲು ಸಾಲು. ಮೂರು ಅಂಗಡಿಯವರು ಡಿಮ್ಮಬಲ್ ಬಲ್ಬು ಕೇಳಿದ್ರೆ ಮೂರು ಹಂತದ ಬಲ್ಬು ತೋರ್ಸಿದ್ರು. ಇದೂ ಒಂದು ಜಾತಿ, ತಿಳ್ಕೊಂಡಿರಿ. ಡಿಮ್ಮರ್ ಬೇಡ, ಮಾಮೂಲಿ ಸ್ವಿಚ್ಚನ್ನೇ ಆಫ್ ಮಾಡಿ ಕೂಡಲೇ ಆನ್ ಮಾಡಿದ್ರೆ ಬೆಳಕು ಅರ್ಧ, ಮತ್ತೆ ಮಾಡಿದ್ರೆ ಇನ್ನೂ ಸಣ್ಣ. ಅಗ್ಗ, ವೈರಿಂಗ್ ಮುಟ್ಟೋ ಹಂಗಿಲ್ಲ. ನಡುಮನೆಗೆ ಒಂದು ತಗೊಂಡೆ, ಚೆನ್ನಾಗಿದೆ. ಅವ್ವನಿಗೆ ಮಾತ್ರ ಆಗಲ್ಲ, ಯಾಕಂದ್ರೆ ನಾನು ತಗೊಂಡ ಬಲ್ಬು ಪ್ರತಿ ಸಲ ಮೊದಲು ಪೂರ್ತಿ ಬೆಳಕಲ್ಲೇ ಹತ್ತೋದು. ಸೂಜಿ ಚುಚ್ಚಿಸ್ಕೊಂಡು ಆಮೇಲೆ ಮುಲಾಮು ಹಚ್ಚಿದಂಗೆ.

ನಾಲ್ಕನೇ ಅಂಗಡಿ ಯಜಮಾನರು ವಯಸ್ಸಾದವರು, ತಾಳ್ಮೆಯಿಂದ ಕೇಳಿಸ್ಕೊಂಡ್ರು. "ಯಾರಿಗೆ ಯಜಮಾನ್ರೇ?" ಅಂದ್ರು. ತಾಯಿಗೆ ಅಂದೆ. ಆಮೇಲೆ ಕೌಂಟರ್ ಮೇಲೇ ಡಿಮ್ಮರ್‌ಗೆ ಬಲ್ಬು ಸಿಕ್ಕಿಸಿ ತೋರ್ಸಿದ್ರು. ನಿಮಗೂ ಇದೇ ಹೇಳ್ತೀನಿ, ಡಬ್ಬಿ ನಂಬಬೇಡಿ, ಬಲ್ಬು ಡಿಮ್ಮರ್ ಎರಡನ್ನೂ ಜೋಡಿ ಮಾಡಿ ಹಚ್ಚಿ ತೋರಿಸಿ ಅಂತ ಕೇಳಿ. ಗುಂಡೀನ ತೀರಾ ಕೆಳಗೆ ಇಳಿಸಿ, ಅಲ್ಲಿ ಆರಿಸಿ ಮತ್ತೆ ಹಾಕಿಸಿ. ಕೆಲವು ಬಲ್ಬು ಮೇಲಿಂದ ಇಳಿಸಿದ್ರೆ ಉರೀತವೆ, ಕೆಳಗಿಂದಲೇ ಹಾಕಿದ್ರೆ ಹತ್ಕೊಳ್ಳಲ್ಲ. ಆಮೇಲೆ ಫೋನ್ ಕ್ಯಾಮೆರಾ ತೆಗೆದು ಬಲ್ಬಿಗೆ ಹಿಡಿದು ನೋಡಿ. ಪರದೆ ಮೇಲೆ ಕಪ್ಪು ಪಟ್ಟೆ ಗಟ್ಟಿಯಾಗಿ ಓಡ್ತಿದ್ರೆ ಬಲ್ಬು ನಮ್ಮ ಕಣ್ಣಿಗೆ ಕಾಣದ ಹಂಗೆ ಮಿಣುಕ್ತಾ ಇದೆ ಅಂತ. ಕೆಲವರಿಗೆ ಅದರಿಂದ ತಲೆನೋವು ಬರುತ್ತೆ. ನಾನು ನೋಡಿದ ನಾಲ್ಕು ಜೋಡೀಲಿ ಎರಡು ಹಂಗೇ ಇದ್ದವು.

ಇನ್ನೊಂದು ಲೆಕ್ಕ ಅವರೇ ಹೇಳಿದ್ದು. ಡಬ್ಬಿ ಮೇಲೆ 10 ಪರ್ಸೆಂಟ್‌ವರೆಗೆ ಇಳಿಯುತ್ತೆ ಅಂತ ಬರೆದಿದ್ರೆ ಕತ್ತಲೇ ಆಗುತ್ತೇನೋ ಅಂದ್ಕೋತೀವಿ. ಮೀಟರಿಗೆ ಹತ್ತು ಪರ್ಸೆಂಟ್ ಆದ್ರೂ ನಮ್ಮ ಕಣ್ಣಿಗೆ ಅದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಕಾಣುತ್ತೆ, ಕಣ್ಣು ಹಂಗೆ ಹೊಂದಿಕೊಳ್ಳುತ್ತೆ. ಅದಕ್ಕೆ ಮಲಗೋ ರೂಮಿಗೆ ಇನ್ನೂ ಕೆಳಗೆ, ಐದು ಪರ್ಸೆಂಟ್ ಹತ್ತಿರ ಇಳಿಯೋ ಜೋಡಿ ನೋಡಬೇಕು. ಮತ್ತೆ ವ್ಯಾಟ್ ನೋಡಿ ತಗೋಬೇಡಿ, ಲ್ಯೂಮೆನ್ ನೋಡಿ. ಹಳೇ 60 ವ್ಯಾಟ್ ತಂತಿ ಬಲ್ಬು ಸುಮಾರು 700 ಲ್ಯೂಮೆನ್. ಅಷ್ಟು ರೂಮಿಗೆ ಸಾಕು.

ಕೊನೆಗೆ ತಂದಿದ್ದು 7 ವ್ಯಾಟಿನ, 2700 ಕೆಲ್ವಿನ್, ಡಿಮ್ಮಬಲ್ ಬಲ್ಬು ಎರಡು, ತಿರುಗಿಸೋ ಗುಂಡಿ ಇರೋ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಒಂದು. ಒತ್ತೋದು, ಮುಟ್ಟೋದು ಬೇಡ ಅಂತಾನೇ ತಿರುಗಿಸೋದು ತಗೊಂಡೆ, ಲಾಟೀನು ನೆನಪಲ್ಲಿ. ಒಟ್ಟು ಒಂದೂವರೆ ಸಾವಿರದೊಳಗೆ ಆಯ್ತು. ಮಾಮೂಲಿ ಬಲ್ಬಿಗೆ ಹೋಲಿಸಿದ್ರೆ ದುಬಾರಿ, ಸುಳ್ಳು ಹೇಳಲ್ಲ. ಕರೆಂಟ್ ಬಿಲ್ಲಲ್ಲಿ ವಾಪಸ್ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 7 ವ್ಯಾಟ್ ರಾತ್ರಿಯಿಡೀ ಪೂರ್ತಿ ಉರಿದ್ರೂ ತಿಂಗಳಿಗೆ ಎರಡು ಯೂನಿಟ್ ಆಗಲ್ಲ, ಅದರಲ್ಲಿ ಏನು ಉಳಿಸ್ತೀರ. ಗೃಹಜ್ಯೋತಿಯಲ್ಲಿ ಬಿಲ್ಲೇ ಬರದವರಿಗಂತೂ ಲೆಕ್ಕವೇ ಇಲ್ಲ. ಇದು ಉಳಿತಾಯಕ್ಕೆ ಹಾಕೋದಲ್ಲ.

ಒಂದೇ ಡಿಮ್ಮರ್‌ಗೆ ಎರಡು ಬಲ್ಬು ಯಾಕೆ ಅಂದ್ರೆ, ಒಂದೇ ಬಲ್ಬಿದ್ರೆ ಕನಿಷ್ಠ ಭಾರ ಸಿಗದೆ ಮತ್ತೆ ಮಿಣುಕೋ ಭಯ. ಎರಡನೇದನ್ನ ವೈರ್‌ಮನ್ ಹುಡುಗ ಬಚ್ಚಲ ದಾರಿಗೆ ಎಳೆದು, ಮೊಣಕಾಲೆತ್ತರದಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದ. ಮೊದಲು ಅದನ್ನ ಮೇಲೆ ಹಾಕಿಸಿದ್ದೆ. ಒಂದು ಮಧ್ಯಾಹ್ನ ನಾನೇ ಅವ್ವನ ಮಂಚದ ಮೇಲೆ ಮಲಗಿ ನೋಡಿದೆ, ಬಲ್ಬು ನೆಟ್ಟಗೆ ಕಣ್ಣಿಗೇ ಬೀಳ್ತಿತ್ತು. ನಿಂತು ನೋಡಿದ್ರೆ ಗೊತ್ತಾಗ್ತಿರಲಿಲ್ಲ. ಅವತ್ತೇ ಕೆಳಗಿಳಿಸಿದ್ವಿ. ಹೊಸಿಲಿಗೆ ಅಂಚಿಗೆ ಬಿಳಿ ಬಣ್ಣ ಬಳಿದೆ, ಅದಕ್ಕೆ ಖರ್ಚು ಸೊನ್ನೆ, ಮನೇಲಿ ಮಿಕ್ಕಿದ ಪೇಂಟು. ಅಂದಹಾಗೆ ಬಲ್ಬನ್ನ ಗಾಜಿನ ಮುಚ್ಚಿದ ಡೂಮ್ ಒಳಗೆ ಹಾಕಬೇಡಿ, ಕಾವು ಹೊರಗೆ ಹೋಗದೆ ಬೇಗ ಸಾಯುತ್ತೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇರೋರು ಡಿಮ್ಮರ್ ಲೈಟನ್ನ ಆ ಲೈನಿಗೆ ಕೊಡಬೇಡಿ, ಸದ್ದು ಮಾಡುತ್ತೆ, ಹಾಳೂ ಆಗುತ್ತೆ. ಒಂದು ಲಾಭ ನಾನು ಲೆಕ್ಕ ಹಾಕಿರಲಿಲ್ಲ: ಮಳೆ ಬಂದ ಸಂಜೆ ರೆಕ್ಕೆ ಗೆದ್ದಲು ನಡುಮನೆ ಬಿಳಿ ಲೈಟಿಗೆ ಮುತ್ತಿಕೊಂಡಷ್ಟು ಈ ಹಳದಿಗೆ ಬರಲ್ಲ.

ಮೊದಲ ವಾರ ಅವ್ವ ಮುಟ್ಟಲೇ ಇಲ್ಲ, ಶಾಕ್ ಹೊಡೆದೀತು ಅಂತ. ಆಮೇಲೆ ಮೊಮ್ಮಗಳು ಕೈ ಹಿಡಿದು ತಿರುಗಿಸಿ ತೋರ್ಸಿದ್ಲು. ಈಗ ಅವಳೇ ಸಂಜೆ ಏರಿಸಿ ಅವರೆಕಾಯಿ ಸುಲಿತಾ ಕೂರ್ತಾಳೆ, ಮಲಗುವಾಗ ಇಳಿಸ್ತಾಳೆ. "ಬತ್ತಿ ಇಳಿಸ್ದೆ" ಅಂತಾಳೆ ಹೊರತು ಡಿಮ್ಮರ್ ಅನ್ನಲ್ಲ. ರಾತ್ರಿಗೆ ಎಷ್ಟು ಬೇಕೋ ಅಲ್ಲಿಗೆ ಗುರುತಿಗೆ ಗುಂಡಿ ಪಕ್ಕ ಕುಂಕುಮದ ಬೊಟ್ಟು ಇಟ್ಟಿದ್ಲು, ಅದು ಒರೆಸಿ ಒರೆಸಿ ಹೋಗ್ತಿತ್ತು ಅಂತ ಮೊಮ್ಮಗಳು ಅಲ್ಲೇ ಕೆಂಪು ನೇಲ್‌ಪಾಲಿಶ್ ಹಚ್ಚಿದ್ದಾಳೆ.

ಹೋದ ಮಂಗಳವಾರ ಮೋಟ್ರು ಹಾಕೋಕೆ ಎದ್ದಾಗ ಕರೆಂಟು ಹೋಯ್ತು. ಟಾರ್ಚ್ ಹುಡುಕ್ತಾ ನಿಂತಿದ್ದೆ, ಐದು ನಿಮಿಷಕ್ಕೆ ಬಂತು. ಅವ್ವನ ರೂಮಿನ ದೀಪ ಕೆಂಪು ಬೊಟ್ಟಿನ ಮಟ್ಟಕ್ಕೇ ಬಂತು, ಸಣ್ಣಗೆ. ಹೊಸಿಲಿನ ಬಿಳಿ ಗೆರೆ ಕಾಣ್ತಿತ್ತು. ಅವಳು ಪಟ್ಟಿ ಬಿಚ್ಚಿದ ಕೈನ ದಿಂಬಿನ ಮೇಲಿಟ್ಕೊಂಡು ಮಲಗಿದ್ಲು, ಎದ್ದಿರಲಿಲ್ಲ. ನಾನು ಹೋಗಿ ಮೋಟ್ರು ಹಾಕಿ ಬಂದೆ.

ಸೇವಂತಿಗೆ ಎರಡನೇ ಗೊಬ್ಬರದ ವಿಷಯ ಮುಂದಿನ ವಾರ ಖಂಡಿತ ಬರೀತೀನಿ. ಡಿಮ್ಮರ್ ಹಾಕ್ಸೋರು ಯಾರಾದ್ರೂ ಇದ್ರೆ ಮನೆಗೆ ಬಂದು ನೋಡ್ಕೊಂಡು ಹೋಗಿ, ಕತ್ತಲಾದ ಮೇಲೆ ಬನ್ನಿ.